ಸೂಲಗಿತ್ತಿಯ ಕೈಯಲ್ಲಿ ಮೊಬೈಲು

ತುಮಕೂರು ಜಿಲ್ಲೆಯಲ್ಲಿ ನಡೆದ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನಮಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಮೊದಲನೆಯದು 2018ರದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಆ ವರ್ಷ ಪದ್ಮಶ್ರೀ ಬಂತು. ಆಸ್ಪತ್ರೆಗಳು ದೂರವಿದ್ದ ಆ ಬರದ ಸೀಮೆಯಲ್ಲಿ ಕಾಸು ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ ಅವರು. ಓದುಬರಹ ಕಲಿತವರಲ್ಲ. ಅವರ ವಿದ್ಯೆ ಇದ್ದದ್ದು ಕೈಬೆರಳುಗಳಲ್ಲಿ ಮತ್ತು ನೆನಪಿನಲ್ಲಿ. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡಾಗ ನಾಡಿನ ಪತ್ರಿಕೆಗಳು ಬರೆದವು.

ಎರಡನೆಯದು 2022ರ ನವೆಂಬರ್ ಮೊದಲ ವಾರದ್ದು. ತಮಿಳುನಾಡಿನಿಂದ ಬಂದು ತುಮಕೂರು ಪಟ್ಟಣದಲ್ಲಿ ಪುಟ್ಟ ಮಗಳೊಂದಿಗೆ ವಾಸವಾಗಿದ್ದ ಬಡ ಬಸುರಿಯೊಬ್ಬಳಿಗೆ ರಾತ್ರಿ ನೋವು ಕಾಣಿಸಿಕೊಂಡಿತು. ನೆರೆಹೊರೆಯವರು ಹಣ ಕೂಡಿಸಿ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ತಾಯಿ ಕಾರ್ಡ್ ಎಲ್ಲಿ, ಆಧಾರ್ ಎಲ್ಲಿ ಎಂದು ಕೇಳಿ ದಾಖಲು ಮಾಡಿಕೊಳ್ಳಲಿಲ್ಲ ಎಂದು ವರದಿಯಾಯಿತು. ಆಕೆ ಮನೆಗೆ ಮರಳಿದಳು. ಬೆಳಗಾಗುವ ಹೊತ್ತಿಗೆ ಆಕೆಯೂ ಇಲ್ಲ, ಅವಳ ಅವಳಿ ಕೂಸುಗಳೂ ಇಲ್ಲ. ವೈದ್ಯೆ ಮತ್ತು ದಾದಿಯರ ಅಮಾನತಾಯಿತು. ತುರ್ತು ಸಂದರ್ಭದಲ್ಲಿ ಕಾಗದಪತ್ರ ಕೇಳಬಾರದೆಂದು ಸರ್ಕಾರ ಹೇಳಿತು.

ನರಸಮ್ಮನವರಾಗಿದ್ದರೆ ಆ ರಾತ್ರಿ ಮೊದಲು ಏನು ಕೇಳುತ್ತಿದ್ದರು? ನೋವು ಯಾವಾಗ ಶುರುವಾಯಿತು, ನೀರು ಹೋಯಿತೇ, ಇದು ಎಷ್ಟನೇ ಹೆರಿಗೆ ಎಂದು ಕೇಳುತ್ತಿದ್ದರು. ಆಸ್ಪತ್ರೆ ಮೊದಲು ಕೇಳಿದ್ದು ಕಾರ್ಡನ್ನು. ಈ ಎರಡು ಪ್ರಶ್ನೆಗಳ ನಡುವಿನ ದೂರವೇ ಈ ಬರಹದ ವಿಷಯ. ಅಲ್ಲಿ ಕೇಳಿದ್ದು ಕಾಗದದ ಕಾರ್ಡನ್ನಲ್ಲವೇ, ಕಂಪ್ಯೂಟರಿಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಇಂದು ತಾಯಿ ಕಾರ್ಡ್ ಬರೀ ಕಾಗದವಲ್ಲ. ಅದರ ಮೇಲಿರುವ ಸಂಖ್ಯೆ ಸರ್ಕಾರದ ಪೋರ್ಟಲಿನೊಳಗೆ ಬಸುರಿಯ ಇರವನ್ನು ಗುರುತಿಸುವ ಸಂಖ್ಯೆ. ದಾಖಲೆ ಮೊದಲು, ದೇಹ ಆಮೇಲೆ ಎಂಬ ರೂಢಿ ಕಾಗದದ ಕಾಲದಲ್ಲೇ ಹುಟ್ಟಿತ್ತು. ಡಿಜಿಟಲ್ ಕಾಲದಲ್ಲಿ ಅದಕ್ಕೆ ಬಲ ಬಂದಿದೆ.

ಹಳೆಯದನ್ನು ಹೊಗಳಿ ಹೊಸದನ್ನು ತೆಗಳುವ ಸುಲಭದ ದಾರಿ ನಮಗೆ ಬೇಡ. ನಮ್ಮ ಬಾಲ್ಯದ ಮೊಹಲ್ಲಾದಲ್ಲಿ ಒಬ್ಬ ದಾಯಿ ಇದ್ದರು. ಯಾವ ಸೊಸೆಗೆ ಮೊದಲ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಿತ್ತು, ಯಾವ ಮನೆಯಲ್ಲಿ ಬಸುರಿಗೆ ಹೊಟ್ಟೆ ತುಂಬ ಅನ್ನ ಸಿಗುವುದಿಲ್ಲ, ಯಾರ ಗಂಡ ಕೈ ಮಾಡುತ್ತಾನೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮಗುವಿನ ಕಿವಿಯಲ್ಲಿ ಅಜಾನ್ ಹೇಳಿಸುವ ತನಕ ಅವರು ಮನೆ ಬಿಡುತ್ತಿರಲಿಲ್ಲ. ನಲವತ್ತು ದಿನಗಳ ಚಿಲ್ಲಾ ಮುಗಿಯುವವರೆಗೂ ಬಂದು ಹೋಗುತ್ತಿದ್ದರು. ಇದೆಲ್ಲ ಸತ್ಯ. ಸೋಪು ಕಾಣದ ಕೈ, ಹಳೆಯ ಬ್ಲೇಡು, ಹೊಕ್ಕುಳಿಗೆ ಮೆತ್ತಿದ ಬೂದಿಯಿಂದ ಎಷ್ಟೋ ಕೂಸುಗಳು ಧನುರ್ವಾಯು ಬಂದು ಸತ್ತದ್ದೂ ಅಷ್ಟೇ ಸತ್ಯ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. 2005-06ರಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-20ರಲ್ಲಿ 97. ಈ ಬದಲಾವಣೆಯಲ್ಲಿ ಲಸಿಕೆಗೆ, ರಸ್ತೆಗೆ, ಆಂಬುಲೆನ್ಸಿಗೆ, ಹೆಣ್ಣುಮಕ್ಕಳ ಓದಿಗೆ ಪಾಲಿದೆ. ದಾಖಲೆಗೂ ಪಾಲಿದೆ. ಯಾರು ಬಸುರಿ, ಯಾರಿಗೆ ರಕ್ತ ಕಡಿಮೆ, ಯಾರ ದಿನ ತುಂಬುತ್ತ ಬಂದಿದೆ ಎಂದು ಬರೆದಿಡದೆ ಯಾರನ್ನೂ ಸಕಾಲಕ್ಕೆ ಆಸ್ಪತ್ರೆ ತಲುಪಿಸಲು ಆಗುವುದಿಲ್ಲ. ಆದ್ದರಿಂದ ದಾಖಲೆ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಅದು ಯಾರಿಗಾಗಿ, ಯಾರ ಬೆನ್ನ ಮೇಲೆ ಎಂಬುದು ಪ್ರಶ್ನೆ.

ಹಿಂದೆ ಸೂಲಗಿತ್ತಿ ಒಬ್ಬಳೇ ಮಾಡುತ್ತಿದ್ದ ಕೆಲಸ ಇಂದು ಮೂವರಲ್ಲಿ ಹಂಚಿಹೋಗಿದೆ. ಬಸುರಿಯನ್ನು ಗುರುತಿಸಿ ಮನೆಗೆ ಹೋಗಿ ಬರುವವಳು ಆಶಾ ಕಾರ್ಯಕರ್ತೆ. ಉಪಕೇಂದ್ರದಲ್ಲಿ ತಪಾಸಣೆ ಮಾಡಿ, ಚುಚ್ಚುಮದ್ದು ಕೊಟ್ಟು, ಕಬ್ಬಿಣದ ಮಾತ್ರೆ ಹಂಚುವವಳು ಎಎನ್‌ಎಂ. ಹೆರಿಗೆ ಕೋಣೆಯಲ್ಲಿ ನಿಲ್ಲುವವಳು ಆಸ್ಪತ್ರೆಯ ಸ್ಟಾಫ್ ನರ್ಸ್. ಎಎನ್‌ಎಂ ಎಂಬ ಹೆಸರಿನ ಕೊನೆಯ ಅಕ್ಷರ 'ಎಂ' ಎಂದರೆ ಮಿಡ್‌ವೈಫ್, ಅಂದರೆ ಸೂಲಗಿತ್ತಿ. 1973ರ ಕರ್ತಾರ್ ಸಿಂಗ್ ಸಮಿತಿ ಇವಳನ್ನು ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆಯನ್ನಾಗಿ ಮಾಡಲು ಹೇಳಿತು. ಕುಟುಂಬ ಯೋಜನೆ, ಮಲೇರಿಯಾ, ಲಸಿಕೆ ಎಲ್ಲವೂ ಅವಳ ತಲೆಗೆ ಬಂದವು. ಹೆರಿಗೆ ಕೈಯಿಂದ ಜಾರುತ್ತ ಹೋಯಿತು. ನಮ್ಮ ರಾಜ್ಯದಲ್ಲಿ ಅವಳು ಕಿರಿಯ ಆರೋಗ್ಯ ಸಹಾಯಕಿ ಎನಿಸಿಕೊಂಡು, ಇತ್ತೀಚೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಆಗಿದ್ದಾಳೆ. ಹೆಸರು ದೊಡ್ಡದಾಗಿದೆ, ಅದರೊಳಗಿದ್ದ ಸೂಲಗಿತ್ತಿ ಕಾಣೆಯಾಗಿದ್ದಾಳೆ. ಹಾಗಾಗಿ ಸೂಲಗಿತ್ತಿಯನ್ನು ಅವಳ ಕಸುಬಿನಿಂದ ಬೇರ್ಪಡಿಸಿದ ಪಾಪವನ್ನೆಲ್ಲ ಮೊಬೈಲಿನ ತಲೆಗೆ ಕಟ್ಟಲಾಗದು. ಆ ಕೆಲಸ ಐವತ್ತು ವರ್ಷಗಳ ಹಿಂದೆಯೇ ಶುರುವಾಗಿತ್ತು.

ಇದರ ಮೇಲೆ ಬಂದದ್ದು ಡಿಜಿಟಲ್ ದಾಖಲೆ. ಪ್ರತಿ ಬಸುರಿಯ, ಪ್ರತಿ ಕೂಸಿನ ಹೆಸರು ಹಿಡಿದು ಜಾಡು ನೋಡುವ ಎಂಸಿಟಿಎಸ್ ಎಂಬ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2009ರಲ್ಲಿ ತಂದಿತು. ಮುಂದೆ ಅದರ ಜಾಗಕ್ಕೆ ಆರ್‌ಸಿಎಚ್ ಪೋರ್ಟಲ್ ಬಂತು. 2016ರಲ್ಲಿ ಎಎನ್‌ಎಂಗಳ ಕೈಗೆ ಟ್ಯಾಬ್ಲೆಟ್ ಕೊಟ್ಟು 'ಅನ್‌ಮೋಲ್' ಎಂಬ ಆ್ಯಪ್ ಆರಂಭಿಸಿದರು. ಉರ್ದು ಬಲ್ಲವರಿಗೆ ಗೊತ್ತು, ಅನ್‌ಮೋಲ್ ಎಂದರೆ ಬೆಲೆ ಕಟ್ಟಲಾಗದ್ದು. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದು ಪ್ರತಿಯೊಬ್ಬರಿಗೂ 14 ಅಂಕಿಯ 'ಆಭಾ' ಸಂಖ್ಯೆ ಮಾಡಿಸುವ ಕೆಲಸ ಸೇರಿತು. 2024ರಲ್ಲಿ ಲಸಿಕೆಯ ಲೆಕ್ಕಕ್ಕೆ ಯು-ವಿನ್ ಬಂತು. ಅಂಗನವಾಡಿ ಕಾರ್ಯಕರ್ತೆ ಅದೇ ಬಸುರಿಯ ಹೆಸರನ್ನು 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಇನ್ನೊಂದು ಆ್ಯಪಿನಲ್ಲಿ ಬರೆಯುತ್ತಾಳೆ. ಒಂದು ಹೊಟ್ಟೆ, ಹಲವು ಆ್ಯಪು. ಕಾಗದದ ರಿಜಿಸ್ಟರ್ ಹೋಯಿತೇ ಎಂದರೆ ಅದೂ ಹೋಗಿಲ್ಲ. ಮೊದಲು ತಾಯಿ ಕಾರ್ಡಿನಲ್ಲಿ, ಆಮೇಲೆ ದೊಡ್ಡ ರಿಜಿಸ್ಟರಿನಲ್ಲಿ, ಕೊನೆಗೆ ಮೊಬೈಲಿನಲ್ಲಿ.

ಇದು ತಪಾಸಣೆಯ ಕೋಣೆಯೊಳಗೆ ಏನು ಮಾಡುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡದ್ದು ಒಂದು 9ನೇ ತಾರೀಕಿನಂದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ನಡೆಸುವ ಕಾರ್ಯಕ್ರಮ 2016ರಿಂದ ಇದೆ. ಒಳ್ಳೆಯ ಕಾರ್ಯಕ್ರಮ. ನಮ್ಮ ಅಕ್ಕನ ಮಗಳಿಗೆ ಏಳು ತುಂಬಿತ್ತು, ಜೊತೆಗೆ ಹೋಗಿದ್ದೆವು. ನಲವತ್ತಕ್ಕೂ ಹೆಚ್ಚು ಹೆಂಗಸರು, ಇಬ್ಬರು ಸಿಸ್ಟರುಗಳು. ನಮ್ಮ ಹುಡುಗಿಯ ಸರದಿ ಬಂದಾಗ ಸಿಸ್ಟರ್ ತಲೆ ಎತ್ತದೆ ಕೇಳಿದರು:

"ಎಷ್ಟನೇ ತಿಂಗಳಮ್ಮಾ?"

"ಏಳು, ಸಿಸ್ಟರ್."

"ಆಧಾರಿಗೆ ಲಿಂಕ್ ಆಗಿರೋ ಫೋನ್ ಯಾರ ಹತ್ರ ಇದೆ?"

"ನಮ್ಮ ಮನೆಯವರ ಹತ್ರ. ಅವರು ಲಾರಿ ಮೇಲೆ ಹೋಗಿದಾರೆ."

"ಓಟಿಪಿ ಬಂದಿರುತ್ತೆ, ಫೋನ್ ಮಾಡಿ ಕೇಳು."

ಅವಳು ಫೋನ್ ಮಾಡಿದಳು. ಗಂಡ ಎತ್ತಲಿಲ್ಲ. ಮತ್ತೆ ಮಾಡಿದಳು. ಓಟಿಪಿಯ ಸಮಯ ಮುಗಿಯಿತು, ಮತ್ತೊಂದನ್ನು ಕಳಿಸಬೇಕಾಯಿತು. ಹಿಂದಿದ್ದವರು ಗೊಣಗತೊಡಗಿದರು. ಕೊನೆಗೆ ಇನ್ನೊಮ್ಮೆ ಬಾ ಎಂದು ಹೇಳಿ, ಕಾರ್ಡಿನಲ್ಲಿ ಬರೆದು, ಮಾತ್ರೆ ಕೊಟ್ಟು ಕಳಿಸಿದರು. ಆಟೋದಲ್ಲಿ ಬರುವಾಗ ಹುಡುಗಿ ಮೆಲ್ಲಗೆ ಹೇಳಿದಳು: "ಖಾಲಾ, ನಾಲ್ಕು ದಿನದಿಂದ ಕಾಲು ಊದಿಕೊಂಡಿದೆ, ಚಪ್ಪಲಿ ಹಿಡಿಸ್ತಾ ಇಲ್ಲ. ತಲೆನೋವೂ ಇದೆ." ಅಲ್ಲಿ ಯಾಕೆ ಹೇಳಲಿಲ್ಲ ಎಂದು ಗದರಿದೆವು. "ಅವರು ಕೇಳಲಿಲ್ಲವಲ್ಲ" ಎಂದಳು. ಕಾರ್ಡು ತೆಗೆದು ನೋಡಿದರೆ ಆ ದಿನದ ಬಿಪಿ 110/70 ಎಂದು ಬರೆದಿದೆ. ತೋಳಿಗೆ ಪಟ್ಟಿ ಕಟ್ಟಿದ್ದನ್ನು ನಾವಂತೂ ನೋಡಲಿಲ್ಲ. ಅದೇ ಸಂಜೆ ಬೇರೊಬ್ಬ ವೈದ್ಯರ ಹತ್ತಿರ ಕರೆದೊಯ್ದಾಗ ಬಿಪಿ 150/100 ಇತ್ತು. ಬಸುರಿಯರಲ್ಲಿ ಇದು ಯಾವ ಗಳಿಗೆಯಲ್ಲಾದರೂ ಫಿಟ್ಸಿಗೆ ತಿರುಗಬಹುದಾದ ಅಪಾಯ. ಅಲ್ಲಾಹನ ದಯೆ, ತಾಯಿ ಮಗು ಇಬ್ಬರೂ ಉಳಿದರು.

ನಮಗೆ ಸಿಟ್ಟು ಬಂದಿತ್ತು. ಕೆಲವು ದಿನಗಳ ನಂತರ ಆ ಸಿಸ್ಟರನ್ನು ಕಂಡು ಕೇಳಿದೆವು. ಅವರು ವಾದ ಮಾಡಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡರು. ಇದ್ದದ್ದು ಒಂದೇ ಬಿಪಿ ಯಂತ್ರ, ಅದೂ ಆ ದಿನ ಕೈಕೊಟ್ಟಿತ್ತು. ಆದರೆ ಬಿಪಿಯ ಜಾಗ ಖಾಲಿ ಬಿಟ್ಟರೆ ಎಂಟ್ರಿ ಮುಂದಕ್ಕೆ ಹೋಗುವುದಿಲ್ಲ. ಎಂಟ್ರಿ ಆಗದಿದ್ದರೆ ಆ ತಪಾಸಣೆ ನಡೆದೇ ಇಲ್ಲ ಎಂದು ಲೆಕ್ಕ. ಲೆಕ್ಕ ಕಡಿಮೆಯಾದರೆ ತಿಂಗಳ ಸಭೆಯಲ್ಲಿ ಎಲ್ಲರ ಮುಂದೆ ನಿಲ್ಲಿಸುತ್ತಾರೆ. "ಮೊದಲು ನಾವು ರೆಪ್ಪೆ ಎಳೆದು ನೋಡ್ತಿದ್ವಿ, ಪಾದ ಒತ್ತಿ ನೋಡ್ತಿದ್ವಿ ಮೇಡಂ. ಈಗ ಸ್ಕ್ರೀನ್ ನೋಡ್ತೀವಿ. ಮನೆಗೆ ಹೋದ ಮೇಲೂ ರಾತ್ರಿ ಹನ್ನೊಂದರ ತನಕ ಎಂಟ್ರಿ. ಆಗಲೇ ಸರ್ವರ್ ಸಿಗೋದು" ಎಂದರು.

ಇದಾದ ಮೇಲೆ ನಮ್ಮ ಬೀದಿಯ, ನಂಟರ ಮನೆಗಳ ಹಲವು ತಾಯಿ ಕಾರ್ಡುಗಳನ್ನು ಕೇಳಿ ತಂದು ಓದಿದೆವು. ಕಥೆ ಬರೆಯುವವರಿಗೆ ಒಂದು ಅಭ್ಯಾಸವಿದೆ: ಎಲ್ಲ ಪಾತ್ರಗಳೂ ಒಂದೇ ರೀತಿ ಮಾತಾಡಿದರೆ ಬರೆದವರು ಯಾರನ್ನೂ ಕೇಳಿಸಿಕೊಂಡಿಲ್ಲ ಎಂದು ತಿಳಿಯುತ್ತೇವೆ. ಆ ಕಾರ್ಡುಗಳಲ್ಲಿ 110/70 ಮತ್ತು 120/80 ಬಿಟ್ಟರೆ ಬೇರೆ ಬಿಪಿ ಕಾಣುವುದೇ ಅಪರೂಪ. ಹದಿನೆಂಟರ ಹುಡುಗಿಗೂ ಅದೇ, ಐದನೇ ಹೆರಿಗೆಯ ಮೂವತ್ತೆಂಟರ ಹೆಂಗಸಿಗೂ ಅದೇ. ಖಾಲಿ ಜಾಗ ಒಂದು ಸತ್ಯ ಹೇಳುತ್ತದೆ. ಇಲ್ಲಿ ನೋಡಿಲ್ಲ, ನೋಡಬೇಕು ಎಂಬ ಸತ್ಯ. ಖಾಲಿ ಬಿಡಲು ಬಿಡದ ದಾಖಲೆ ಆ ಸತ್ಯವನ್ನು ಅಳಿಸಿ ಹಾಕುತ್ತದೆ. ಮುಂದೆ ಆ ಹೆಂಗಸು ಬಿಪಿ ಏರಿ ದೊಡ್ಡಾಸ್ಪತ್ರೆಗೆ ಬಂದಾಗ ಅಲ್ಲಿನ ವೈದ್ಯರು ಕಾರ್ಡು ನೋಡಿ, ಇಷ್ಟು ದಿನ ಸರಿಯಾಗಿಯೇ ಇತ್ತಲ್ಲ ಎಂದು ತಪ್ಪು ತಿಳಿಯುತ್ತಾರೆ. ಅಂದರೆ ಸುಳ್ಳು ದಾಖಲೆ, ದಾಖಲೆಯಿಲ್ಲದ್ದಕ್ಕಿಂತ ಹೆಚ್ಚು ಅಪಾಯಕಾರಿ.

ಹಾಗಾದರೆ ಸೂಲಗಿತ್ತಿಗೆ ನೆರವಾಗುವ ದಾಖಲೆ ಎಂಬುದು ಇರಲು ಸಾಧ್ಯವೇ? ಸಾಧ್ಯ, ಇದೆ. ಹೆರಿಗೆ ಕೋಣೆಗಳಲ್ಲಿ ಪಾರ್ಟೋಗ್ರಾಫ್ ಎಂಬ ಒಂದು ಹಾಳೆ ಇರುತ್ತದೆ. ಅದಕ್ಕೆ ಇಂದಿನ ರೂಪ ಕೊಟ್ಟವರು ಅಂದಿನ ರೊಡೇಷಿಯಾ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ ಕೆಲಸ ಮಾಡುತ್ತಿದ್ದ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು, 1972ರಲ್ಲಿ. ದೊಡ್ಡಾಸ್ಪತ್ರೆಯಿಂದ ದೂರದ ಚಿಕ್ಕ ಕೇಂದ್ರಗಳಲ್ಲಿ ವೈದ್ಯರಿಲ್ಲದೆ ಹೆರಿಗೆ ಮಾಡಿಸುವ ಸೂಲಗಿತ್ತಿಯರು ಅವರ ಕಣ್ಣ ಮುಂದಿದ್ದರು. ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ, ಮಗುವಿನ ಎದೆಬಡಿತ ಎಷ್ಟು, ನೋವು ಹತ್ತು ನಿಮಿಷಕ್ಕೆ ಎಷ್ಟು ಸಲ ಬರುತ್ತಿದೆ ಎಂದು ಸೂಲಗಿತ್ತಿ ಹೊತ್ತುಹೊತ್ತಿಗೆ ಗುರುತು ಹಾಕುತ್ತ ಹೋಗುತ್ತಾಳೆ. ಹಾಳೆಯ ಮೇಲೆ ಎರಡು ಓರೆ ಗೆರೆಗಳಿವೆ. ಅವಳು ಎಳೆದ ಗೆರೆ ಮೊದಲನೆಯದನ್ನು ದಾಟಿದರೆ ಎಚ್ಚರ, ಗಾಡಿ ಗೊತ್ತುಮಾಡು. ಅಲ್ಲಿಂದ ನಾಲ್ಕು ಗಂಟೆಯ ದೂರದಲ್ಲಿರುವ ಎರಡನೆಯದನ್ನು ಮುಟ್ಟಿದರೆ ಇನ್ನು ಕಾಯುವಂತಿಲ್ಲ. ಇಲ್ಲಿ ಬರೆಯುವವಳೂ ಸೂಲಗಿತ್ತಿ, ಓದುವವಳೂ ಅವಳೇ. ಬರೆದ ಗಳಿಗೆಯಲ್ಲೇ ಆ ಬರಹ ಅವಳಿಗೆ ಉತ್ತರ ಕೊಡುತ್ತದೆ. ವಿಪರ್ಯಾಸವೆಂದರೆ, ಈ ಹಾಳೆಯೂ ಪರಿಶೀಲನೆಗೆ ಬರುವವರಿಗೆ ತೋರಿಸುವ ಕಾಗದವಾದಾಗ ಅದನ್ನು ಹೆರಿಗೆ ಮುಗಿದ ಮೇಲೆ ಕೂತು ತುಂಬುವ ರೂಢಿ ಹಲವು ಕಡೆ ಬೆಳೆದಿದೆ. ಆಗ ಗೆರೆ ಎಂದೂ ಎಚ್ಚರಿಕೆಯನ್ನು ದಾಟುವುದಿಲ್ಲ.

ಪೋರ್ಟಲಿನ ದಾಖಲೆ ಮೊದಲಿನಿಂದಲೂ ಮೇಲಕ್ಕೆ ಹೋಗುವ ದಾಖಲೆ. ಉಪಕೇಂದ್ರದಿಂದ ತಾಲ್ಲೂಕಿಗೆ, ಜಿಲ್ಲೆಗೆ, ರಾಜಧಾನಿಗೆ, ದೆಹಲಿಗೆ ಹೋಗುತ್ತದೆ. ಈ ವಾರ ಯಾವ ಹತ್ತು ಬಸುರಿಯರ ಮನೆಗೆ ಮೊದಲು ಹೋಗಬೇಕು, ಯಾರ ರಕ್ತ 7 ಗ್ರಾಮಿಗಿಂತ ಕೆಳಗಿಳಿದಿದೆ ಎಂಬ ಪಟ್ಟಿ ಅದರೊಳಗಿಂದ ತೆಗೆಯಲು ಸಾಧ್ಯವಿದೆ. ತಂತ್ರಜ್ಞಾನ ಅಷ್ಟು ಬಲ್ಲದು. ಆದರೆ ಮೇಲಿನಿಂದ ಕೆಳಕ್ಕೆ ಬರುವ ಫೋನುಗಳಲ್ಲಿ ಇರುವ ಪ್ರಶ್ನೆ ನಿಮ್ಮ ಎಂಟ್ರಿ ಎಷ್ಟು ಬಾಕಿ ಎಂಬುದು ಎಂದು ನಾವು ಮಾತಾಡಿಸಿದ ಸಿಸ್ಟರುಗಳೆಲ್ಲ ಹೇಳಿದರು. ಅಪಾಯದಲ್ಲಿರುವವರು ಎಷ್ಟು ಎಂಬುದು ಆಮೇಲಿನ ಪ್ರಶ್ನೆ.

ಇನ್ನೊಂದು ತೊಡಕು ನಮ್ಮ ಬದುಕಿನ ಕ್ರಮದಲ್ಲೇ ಇದೆ. ನಮ್ಮಲ್ಲಿ ಹಿಂದೂ ಆಗಲಿ ಮುಸಲ್ಮಾನರಾಗಲಿ, ಹೆಣ್ಣು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಹೆಸರು ದಾಖಲಾಗುವುದು ಗಂಡನ ಊರಿನ ಉಪಕೇಂದ್ರದಲ್ಲಿ, ಕೂಸು ಹುಟ್ಟುವುದು ತಾಯಿಯ ಊರಿನಲ್ಲಿ. ಎಷ್ಟೋ ಸಲ ಅದು ಬೇರೆ ಜಿಲ್ಲೆ. ಬೀದರ್, ಕಲಬುರಗಿ, ಬಳ್ಳಾರಿಯ ಗಡಿಗಳಲ್ಲಿ ಬೇರೆ ರಾಜ್ಯವೇ. ಮನೆ ಮನೆಗೆ ಹೋಗಿ ಆರು ತಿಂಗಳು ನೋಡಿಕೊಂಡ ಆಶಾಳ ಕೆಲಸ ಒಂದು ಕಡೆ, ಹೆರಿಗೆಯ ಎಂಟ್ರಿ ಇನ್ನೊಂದು ಕಡೆ. ಆಶಾ ಸಂಬಳದ ನೌಕರಳಲ್ಲ, ಮಾಡಿದ ಒಂದೊಂದು ಕೆಲಸಕ್ಕೆ ಪ್ರೋತ್ಸಾಹಧನ ಪಡೆಯುವವಳು. ಪೋರ್ಟಲಿನಲ್ಲಿ ಕಾಣದ ಕೆಲಸಕ್ಕೆ ಹಣವಿಲ್ಲ ಎಂದಾಗ ಅವಳು ನಡೆದ ದಾರಿ ದಾರಿಯೇ ಅಲ್ಲ ಎಂದಂತಾಯಿತು. 2025ರ ಜನವರಿ 7ರಿಂದ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಹೋರಾಡಿದಾಗ, ಗೌರವಧನ ಹೆಚ್ಚಿಸಿ ಎಂಬುದರ ಜೊತೆಗೆ ಆರ್‌ಸಿಎಚ್ ಪೋರ್ಟಲಿಗೂ ನಮ್ಮ ಹಣಕ್ಕೂ ಇರುವ ಗಂಟು ಬಿಡಿಸಿ ಎಂಬುದೂ ಅವರ ಬೇಡಿಕೆಯಾಗಿತ್ತು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಸಿಗುವಂತೆ ಮಾಡುವ ಮುಖ್ಯಮಂತ್ರಿಗಳ ಭರವಸೆಯ ಮೇಲೆ ಆ ಧರಣಿ ನಿಂತಿತು. ಪತ್ರಿಕೆಗಳು ಗೌರವಧನದ ಸುದ್ದಿ ಬರೆದಷ್ಟು ಪೋರ್ಟಲಿನ ಸುದ್ದಿ ಬರೆಯಲಿಲ್ಲ. ಆದರೆ ದಾಖಲೆಯೇ ಯಜಮಾನನಾದಾಗ ದುಡಿಯುವವಳ ಗತಿ ಏನು ಎಂಬುದನ್ನು ಆ ಬೇಡಿಕೆ ನೇರವಾಗಿ ಹೇಳುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ಸರ್ಕಾರವನ್ನು ದೂರಿದಂತಾಗುತ್ತದೆ, ಅಷ್ಟೆ. ನಮ್ಮ ಮೊಹಲ್ಲಾಗಳ ಕಡೆಗೂ ನೋಡಬೇಕು.

ದಾಖಲೆ ಎಂದರೆ ನಮ್ಮವರಿಗೆ ಈಗ ಭಯ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2019ರ ಕೊನೆಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದು, ಎನ್‌ಆರ್‌ಸಿಯ ಮಾತು ಕೇಳಿದಾಗಿನಿಂದ ಮನೆ ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುವ ಯಾರನ್ನು ಕಂಡರೂ ಸಂಶಯ. 2020ರ ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನ ಒಂದು ಮುಸ್ಲಿಂ ಬಡಾವಣೆಯಲ್ಲಿ ಕೊರೊನಾ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ಜನ ಸುತ್ತುವರಿದು ಅವರ ಮೊಬೈಲು, ಚೀಲ ಕಸಿದುಕೊಂಡರು ಎಂಬ ಸುದ್ದಿ ಬಂದಾಗ ನಾವು ತಲೆ ತಗ್ಗಿಸಿದೆವು. ನಮ್ಮ ಮಕ್ಕಳಿಗೆ ಪೋಲಿಯೋ ಹನಿ ಹಾಕಿದ, ನಮ್ಮ ಹೆಣ್ಣುಮಕ್ಕಳನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ದ ಕೈಗಳು ಅವು. ಭಯಕ್ಕೆ ಕಾರಣವಿರಬಹುದು, ಆ ನಡತೆಗೆ ಸಮರ್ಥನೆಯಿಲ್ಲ. ಆದರೆ ಇದೇ ಘಟನೆ ಇನ್ನೊಂದನ್ನೂ ಹೇಳುತ್ತದೆ: ಸೂಲಗಿತ್ತಿ ನಾಡಿ ಹಿಡಿಯುವವಳಾಗಿ ಬಂದರೆ ಬಾಗಿಲು ತೆರೆಯುತ್ತದೆ, ಪಟ್ಟಿ ಹಿಡಿದು ಬಂದರೆ ಅರ್ಧ ಮುಚ್ಚುತ್ತದೆ. ಪ್ರತಿಯೊಂದು ಕೆಲಸಕ್ಕೂ ಆಧಾರ್ ಕೇಳುವ ವ್ಯವಸ್ಥೆ ಅವಳನ್ನು ಎರಡನೆಯವಳನ್ನಾಗಿ ಮಾಡುತ್ತಿದೆ.

ಹೆಸರಿನ ಗೋಳು ಬೇರೆ. ಮೆಹರುನ್ನಿಸಾ ಎಂಬ ಒಂದೇ ಹೆಸರನ್ನು ಆಧಾರಿನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ, ಬ್ಯಾಂಕಿನಲ್ಲಿ ಮತ್ತೊಂದು ಥರ ಬರೆದಿರುತ್ತಾರೆ. ಒಂದರಲ್ಲಿ 'ಬೀ' ಇದ್ದರೆ ಇನ್ನೊಂದರಲ್ಲಿ 'ಬೇಗಂ'. ಹಿಂದೆ ಸಿಸ್ಟರಿಗೆ ಮುಖ ಪರಿಚಯವಿತ್ತು, ಸಾಕಿತ್ತು. ಕಂಪ್ಯೂಟರಿಗೆ ಮುಖ ಗೊತ್ತಿಲ್ಲ. ಮಾತೃವಂದನಾ ಯೋಜನೆಯ 5,000 ರೂಪಾಯಿಗೆ ಅಲೆದು ಅಲೆದು, ಮಗು ನಡೆಯಲು ಕಲಿತ ಮೇಲೂ ಹಣ ಬಾರದೆ ಕೈಬಿಟ್ಟ ತಾಯಂದಿರು ನಮ್ಮ ಓಣಿಯಲ್ಲೇ ಇದ್ದಾರೆ.

ಎಲ್ಲಕ್ಕಿಂತ ಕಷ್ಟದ ಮಾತು ವಯಸ್ಸಿನದು. ಹದಿನೆಂಟು ತುಂಬದ ಹುಡುಗಿ ಬಸುರಿಯಾಗಿ ಬಂದರೆ, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಸಿಸ್ಟರಿಗೇ ಶಿಕ್ಷೆ. ಪೋರ್ಟಲಿನಲ್ಲಿ 16 ಎಂದು ಹಾಕಿದರೆ ಅದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಮನೆಯವರು ಹತ್ತೊಂಬತ್ತು ಎನ್ನುತ್ತಾರೆ. ಇಲ್ಲವೇ ಹುಡುಗಿಯನ್ನು ಆಸ್ಪತ್ರೆಗೇ ಕರೆತರುವುದಿಲ್ಲ. ಎಳೆಯ ಮೈಯ ಅಪಾಯಗಳು, ಅಂದರೆ ರಕ್ತಹೀನತೆ, ಬಿಪಿ, ಕಷ್ಟದ ಹೆರಿಗೆ, ಇವುಗಳನ್ನು ಹೇಳಬೇಕಾದ ಆ ಒಂದು ಅಂಕಿಯೇ ಸುಳ್ಳಾಗುತ್ತದೆ. ಕಾಯ್ದೆಯ ಉದ್ದೇಶ ಮಗುವನ್ನು ಕಾಯುವುದು. ಆದರೆ ಆರೈಕೆಯ ದಾಖಲೆಯನ್ನೇ ಪೊಲೀಸ್ ದಾಖಲೆಯನ್ನಾಗಿ ಮಾಡಿದಾಗ ಆ ಮಗು ಆರೈಕೆಯಿಂದ ದೂರ ಓಡುತ್ತದೆ. ಇದಕ್ಕೆ ಸರ್ಕಾರವನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಹದಿನಾರರ ಹುಡುಗಿಯ ನಿಕಾಹ್ ಓದಿಸಿದವರು ಯಾರು? ವಲೀಮಾ ಉಂಡು ಬಂದವರು ಯಾರು? ನಾವೇ ಅಲ್ಲವೇ? ಅವಳ ಕಾರ್ಡಿನ ಮೊದಲ ಸುಳ್ಳನ್ನು ಸಿಸ್ಟರ್ ಬರೆಯುವ ಮೊದಲೇ ನಾವು ಬರೆದಿರುತ್ತೇವೆ.

ಗುಟ್ಟಿನ ಪ್ರಶ್ನೆಯೂ ಇದೆ. ಗರ್ಭ ಇಳಿದದ್ದು, ವಂಕಿ ಹಾಕಿಸಿಕೊಂಡದ್ದು, ಹಿಂದೊಮ್ಮೆ ಮಗು ಸತ್ತು ಹುಟ್ಟಿದ್ದು, ಇಂಥವನ್ನು ಹೆಂಗಸು ಸೂಲಗಿತ್ತಿಯ ಕಿವಿಯಲ್ಲಿ ಹೇಳುತ್ತಿದ್ದಳು. ಈಗ ಆ ಕಿವಿಯ ಹಿಂದೆ ಎಷ್ಟು ಕಣ್ಣುಗಳಿವೆಯೋ ಅವಳಿಗೆ ಗೊತ್ತಿಲ್ಲ. ನೋಂದಾಯಿಸಿದ ಫೋನು ಗಂಡನದೋ ಮಾವನದೋ ಆಗಿದ್ದರೆ ಸಂದೇಶವೂ ಅವರಿಗೇ ಹೋಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ. ಆ ಹಕ್ಕು ಉಪಕೇಂದ್ರದ ಬೆಂಚಿನ ಮೇಲೆ, ನಲವತ್ತು ಜನರ ನಡುವೆ ಜೋರಾಗಿ ಓಟಿಪಿ ಹೇಳುತ್ತಿರುವ ಹುಡುಗಿಯ ತನಕ ಇನ್ನೂ ಬಂದು ಮುಟ್ಟಿಲ್ಲ.

ಬರಹದ ಬಗ್ಗೆ ಯೋಚಿಸುವಾಗ ನಮಗೆ ಕುರ್‌ಆನಿನ ಅತ್ಯಂತ ದೀರ್ಘ ಆಯತ್ ನೆನಪಾಗುತ್ತದೆ. ಅದು ಎರಡನೇ ಸೂರಾ ಬಕರಾದಲ್ಲಿದೆ. ಸಾಲದ ವ್ಯವಹಾರವನ್ನು ಬರೆದಿಡುವ ಕುರಿತು ಹೇಳುತ್ತದೆ. ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬೇಡಿ ಎನ್ನುತ್ತದೆ. ಅಂದರೆ ನಮ್ಮ ಧರ್ಮ ದಾಖಲೆಯ ವಿರೋಧಿಯಲ್ಲ. ಆದರೆ ಅದು ಎರಡು ಷರತ್ತು ಹಾಕುತ್ತದೆ. ಬರೆಸುವವನು ಸಾಲ ಕೊಟ್ಟ ಬಲಶಾಲಿಯಲ್ಲ, ಸಾಲದ ಭಾರ ಹೊತ್ತವನು. ಅವನು ಅಶಕ್ತನಾದರೆ ಅವನ ಪರವಾಗಿ ಇನ್ನೊಬ್ಬ ನ್ಯಾಯವಾಗಿ ಬರೆಸಬೇಕು. ಎರಡನೆಯದು, ಬರೆಯುವವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು. ಇದು ಸಾಲದ ಪ್ರಸಂಗಕ್ಕೆ ಹೇಳಿದ್ದು ಎಂಬುದು ನಿಜ, ಆದರೆ ಒಳಗಿನ ನ್ಯಾಯ ದೊಡ್ಡದು. ನಮ್ಮ ಆರೋಗ್ಯ ದಾಖಲೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿ. ಭಾರ ಹೊತ್ತವಳು ಬಸುರಿ. ಅವಳು ಏನನ್ನೂ ಬರೆಸುವುದಿಲ್ಲ, ಬರೆದದ್ದನ್ನು ಅವಳಿಗೆ ಓದಿ ಹೇಳುವವರೂ ಇಲ್ಲ. ಬರೆಯುವವಳು ಸಿಸ್ಟರ್, ಅವಳ ರಾತ್ರಿಯ ನಿದ್ದೆ, ಹಗಲಿನ ಮಾನ ಎರಡೂ ಆ ಬರಹಕ್ಕೆ ಅಡವು ಬಿದ್ದಿವೆ.

ಆಗಬೇಕಾದದ್ದು ಆಗದ ಮಾತಲ್ಲ. ಒಂದು ಸಲ ಬರೆದದ್ದು ಎಲ್ಲ ಆ್ಯಪುಗಳಿಗೂ ತಾನಾಗಿ ಹೋಗುವಂತೆ ಮಾಡಬೇಕು. ಕಂಪ್ಯೂಟರಿಗೆ ಅದು ಕಷ್ಟದ ಕೆಲಸವಲ್ಲ. 'ಅಳತೆ ಮಾಡಿಲ್ಲ' ಎಂದು ಬರೆಯಲು ಜಾಗ ಕೊಡಬೇಕು. ಅಲ್ಲಿ ಯಂತ್ರ ಕೆಟ್ಟಿದ್ದರೆ ಸಿಸ್ಟರನ್ನು ಗದರುವ ಬದಲು ಯಂತ್ರ ಕಳಿಸಬೇಕು. ಎಂಟ್ರಿಗೆ ಬೇರೆ ಕೈ ಬೇಕು. ಆಶಾಳ ಕೂಲಿಯನ್ನು ಪೋರ್ಟಲಿನ ಗಂಟಿನಿಂದ ಬಿಡಿಸಬೇಕು. ಕಾರ್ಡಿಲ್ಲ, ಓಟಿಪಿ ಬಂದಿಲ್ಲ ಎಂದು ಯಾವ ಹೆಣ್ಣನ್ನೂ ಹಿಂದಕ್ಕೆ ಕಳಿಸಬಾರದು. ತುಮಕೂರಿನ ನಂತರ ಹೊರಟ ಮಾತನ್ನು ಪ್ರತಿ ಹೆರಿಗೆ ಕೋಣೆಯ ಬಾಗಿಲಲ್ಲಿ ಕನ್ನಡ, ಉರ್ದು, ತಮಿಳು, ತೆಲುಗಿನಲ್ಲಿ ಬರೆದು ಹಾಕಬೇಕು. 2018ರಲ್ಲಿ ಕೇಂದ್ರ ಸರ್ಕಾರವೇ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು ಹೊಸ ಸೂಲಗಿತ್ತಿ ನರ್ಸುಗಳನ್ನು ತಯಾರು ಮಾಡುವ ಮಾರ್ಗಸೂಚಿ ತಂದಿದೆ. ಒಳ್ಳೆಯದು. ಅವರನ್ನಾದರೂ ಗುಮಾಸ್ತರನ್ನಾಗಿ ಮಾಡದಿರಲಿ.

ಜಮಾಅತ್‌ಗಳೂ ಸುಮ್ಮನಿರಬಾರದು. ಜುಮಾದ ದಿನ ಚಂದಾದ ಲೆಕ್ಕ ಓದುವಂತೆ, ತಿಂಗಳಿಗೊಮ್ಮೆ ಹೆಣ್ಣುಮಕ್ಕಳನ್ನು ಸೇರಿಸಿ ತಾಯಿ ಕಾರ್ಡ್ ಓದಲು ಕಲಿಸಲಿ. ರಕ್ತ 11 ಗ್ರಾಮ್ ಇರಬೇಕು, ಕಾಲು ಊದಿದರೆ, ತಲೆ ನೋವಾದರೆ, ಕಣ್ಣು ಮಂಜಾದರೆ ಕೇಳದಿದ್ದರೂ ಹೇಳಬೇಕು ಎಂಬುದು ಪ್ರತಿ ಬಸುರಿಗೂ, ಅವಳ ಅತ್ತೆಗೂ ಗೊತ್ತಿರಲಿ. ಹೆಸರು ತಿದ್ದಿಸಲು ಓದಿದ ಹುಡುಗರು ಜೊತೆಗೆ ಹೋಗಲಿ. ವಯಸ್ಸು ತುಂಬದ ನಿಕಾಹ್‌ಗೆ ಕಾಜಿಗಳು ಬರುವುದಿಲ್ಲ ಎನ್ನಲಿ.

ನಮ್ಮ ಅಕ್ಕನ ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗುವ ಮುನ್ನ ಗುರುವಾರ ಮಗುವಿಗೆ ಲಸಿಕೆ ಹಾಕಿಸಲು ಹೋಗಿದ್ದಳು. ಅದೇ ಸಿಸ್ಟರ್ ಇದ್ದರಂತೆ. ಮೊಬೈಲನ್ನು ಮೇಜಿನ ಮೇಲಿಟ್ಟು, ಮೊದಲು ಇವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರಂತೆ. ಆಮೇಲೆ, "ಈಗ ಹೆಸರು ಹೇಳಮ್ಮಾ" ಎಂದರಂತೆ.